ಮಳೆರಾಯನ ಮೆರವಣಿಗೆ

ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬ ಗಾದೆಯನ್ನು ಕೇಳದ ಗೃಹಸ್ಥರು ಕನ್ನಡನಾಡಿನಲ್ಲಿ ಇರಲಾರರು. ಈ ಮಾತು ಮಲೆನಾಡಿನಲ್ಲಿ ಹುಟ್ಟಿದುದಲ್ಲವೆಂದು ಊಹಿಸುವುದಕ್ಕೆ ಹೆಚ್ಚಿನ ಪಾಂಡಿತ್ಯವೇನೂ ಬೇಕಾಗಿಲ್ಲ. ಆಕಾಶದ ಮುಖವನ್ನು ನೋಡಿಕೊಂಡೇ ಬಾಳಬೇಕಾದ ಬಯಲುಸೀಮೆಯ ಒಕ್ಕಲುಮಗನ ಬಾಯಿಂದಲೇ ಇದು ಹೊರಟಿರಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ತಾಲ್ಲೂಕುಗಳು ಅಂತಹ ಸೀಮೆಗೆ ಸೇರಿದುವು. ಇಲ್ಲಿ ಮಳೆ ತಪ್ಪಿದಾಗ, ಕೆರೆ ಬತ್ತಿದಾಗ, ಜನರು ತಮ್ಮ ಸಂಕಟವನ್ನು ಹಾಡಿ, ಕುಣಿದು, ವೇಷ ಕಟ್ಟಿ ಹೇಗೆ ತೋಡಿಕೊಂಡರು, ಆ ಆಟಗಳಿಂದ ಅವರಿಗೆ ಒದಗಿದುದೇನು, ಈಗ ನಾವು ಕಳೆದುಕೊಂಡಿರುವುದೇನು ಎಂಬುದನ್ನು ವಾಚಕರೊಡನೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಈ ಸೀಮೆಯ ಭೂಲಕ್ಷಣವೇ ವಿಚಿತ್ರವಾದುದು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಮೊದಲಾದ ನದಿಗಳು ನಂದಿಯ ಬೆಟ್ಟಗಳ ಸುತ್ತುಮುತ್ತಿನಲ್ಲಿಯೇ ಹುಟ್ಟುವುವು. ಆದರೆ ಹೆಣ್ಣುಮಕ್ಕಳು ತವರಿನಲ್ಲಿ ನಿಲ್ಲದೆ ಸೇರಿದ ಮನೆಯನ್ನು ಬೆಳಗುವಂತೆ ಇವೂ ಹುಟ್ಟಿದ ನೆಲವನ್ನು ಬಿಟ್ಟು ಹೊರಸೀಮೆಗಳಿಗೆ ಹರಿದುಹೋಗುವುವು. ವರ್ಷವೆಲ್ಲ ನೀರಿರುವ ಹೊಳೆ ಜಿಲ್ಲೆಯಲ್ಲಿ ಒಂದೂ ಇಲ್ಲ. ಮಳೆಯಾದರೋ ವರ್ಷಕ್ಕೆ 700 ಮಿಲಿಮೀಟರು, ಎಂದರೆ 28 ಅಂಗುಲದ ಆಚೀಚೆ. ಅದರಲ್ಲಿಯೂ ಹೆಚ್ಚಿನ ಪಾಲು ಉತ್ತರೆ, ಹಸ್ತ, ಚಿತ್ತೆಗಳ ಕಾಲದಲ್ಲಿ ಬೀಳುವುದು. ಇದನ್ನು ಅರಿತ ಪೂರ್ವಿಕರು ಇಳಿಜಾರು ಕಂಡಲ್ಲೆಲ್ಲ ಏರಿ ಹಾಕಿ ಕೆರೆ ಕಟ್ಟಿದರು. ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ, ಹೀಗೆ ಸರದ ಮಣಿಗಳಂತೆ ಕೆರೆಗಳನ್ನು ಪೋಣಿಸಿದರು. ತೂಬನ್ನು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರು ಹಂಚಲು ನೀರುಗಂಟಿಯೆಂಬವನು ಊರೂರಿಗೂ ಇರುತ್ತಿದ್ದನು. ಚಿಕ್ಕಬಳ್ಳಾಪುರದ ಕಂದವಾರದ ಕೆರೆ, ಶಿಡ್ಲಘಟ್ಟದ ಗೌಡನಕೆರೆ, ಅಮ್ಮನಕೆರೆ, ಇವೆಲ್ಲವೂ ಆ ದೀರ್ಘದೃಷ್ಟಿಯ ಫಲಗಳೇ.

ಇಂತಹ ಊರಿನಲ್ಲಿ ಆರಿದ್ರೆ ಕಳೆದು ಪುನರ್ವಸು ಬಂದರೂ ರಾಗಿಯ ಬಿತ್ತನೆಗೆ ಹದವಾಗದಿದ್ದರೆ ಮಕ್ಕಳು ಮಳೆರಾಯನನ್ನು ಹೊರಡಿಸುವರು. ಹಳೆಯ ಮೈಸೂರು ಸೀಮೆಯ ಉದ್ದಗಲಕ್ಕೂ ಈ ಪದ್ಧತಿಯುಂಟು. ಹಸಿಮಣ್ಣಿನಿಂದ ಒಂದು ಚಿಕ್ಕ ಗೊಂಬೆಯನ್ನು ಮಾಡಿ, ಮಣೆಯ ಮೇಲೆ ಕೂಡಿಸಿ, ಹೂವು ಗರಿಕೆಗಳನ್ನು ಮುಡಿಸುವರು. ಒಬ್ಬ ಹುಡುಗನು ಬರಿಮೈಯಲ್ಲಿ ಆ ಮಣೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುವನು. ಮಿಕ್ಕ ಹುಡುಗರು ಮಳೆರಾಯನ ಹೆಸರನ್ನು ಕೂಗಿ ಹಾಡುತ್ತ ಮನೆಮನೆಯ ಬಾಗಿಲಿಗೂ ಹೋಗುವರು. ಮನೆಯಾಕೆ ಒಂದು ಬಿಂದಿಗೆ ನೀರನ್ನು ತಂದು ಗೊಂಬೆಯ ಮೇಲೆ ಸುರಿಯುವಳು. ಹೊತ್ತ ಹುಡುಗನು ಗಿರಗಿರನೆ ತಿರುಗುವನು. ನೀರು ನಾಲ್ಕು ದಿಕ್ಕಿಗೂ ಹನಿಹನಿಯಾಗಿ ಚಿಮ್ಮುವುದು. ನೆತ್ತಿಯಿಂದ ಮಣ್ಣುನೀರು ಇಳಿಯುತ್ತಿರಲು ಹುಡುಗನು ನಡುಗುವುದನ್ನು ಕಂಡು ಮುದುಕಿಯರು ನಗುವರು. ಹಾಗೆ ಎತ್ತಿದ ಹಿಟ್ಟು, ಉಪ್ಪು, ಮೆಣಸಿನಕಾಯಿಗಳಿಂದ ಅಡಿಗೆ ಮಾಡಿ ಎಲ್ಲರೂ ಒಟ್ಟಿಗೆ ಉಂಡು, ಮಳೆರಾಯನನ್ನು ಕೆರೆಗೆ ಬಿಟ್ಟು ಬರುವರು.

ದೊಡ್ಡವರ ಪದ್ಧತಿ ಬೇರೆ. ಕ್ಷಾಮದ ಸೂಚನೆ ಕಂಡಾಗ ದೇವಸ್ಥಾನದ ಪಡಸಾಲೆಯಲ್ಲಿ ಕುಮಾರವ್ಯಾಸ ಭಾರತದ ವಿರಾಟಪರ್ವವನ್ನು ಓದಿಸುವುದು ವಾಡಿಕೆಯಾಗಿದ್ದಿತು. ಗಮಕಿಗಳು ರಾಗವಾಗಿ ಓದುವರು. ತಿಳಿದವರು ಅರ್ಥ ಹೇಳುವರು. ಊರಿನವರು ರಾತ್ರಿಯೆಲ್ಲ ಕುಳಿತು ಕೇಳುವರು. ಎಲ್ಲ ಪರ್ವಗಳಲ್ಲಿ ಇದಕ್ಕೇಕೆ ಈ ಗೌರವ? ಅಜ್ಞಾತವಾಸದಲ್ಲಿರುವ ಧರ್ಮರಾಯನು ಎಲ್ಲಿ ನೆಲೆಸಿರುವನೋ ಅಲ್ಲಿ ಕಾಲಕಾಲಕ್ಕೆ ಮಳೆಯಾಗುವುದೆಂದು ಭೀಷ್ಮರು ಹೇಳುವ ಸಂದರ್ಭ ಮಹಾಭಾರತದ ಈ ಪರ್ವದಲ್ಲಿಯೇ ಬರುವುದು. ಧರ್ಮವಿದ್ದಲ್ಲಿ ಮಳೆಯೆಂಬ ಈ ಭಾವನೆಯೇ ವಾಡಿಕೆಗೆ ಮೂಲವಾಗಿರಬಹುದು. ಯುವಕ ಮುನಿ ಋಷ್ಯಶೃಂಗನು ಕಾಲಿಟ್ಟೊಡನೆ ಅಂಗದೇಶದ ಬರ ನೀಗಿತೆಂಬ ಕಥೆಯನ್ನೂ ವಾಚಕರು ಬಲ್ಲರು.

ಉತ್ತರ ಕರ್ಣಾಟಕದಲ್ಲಿ ಮಳೆರಾಯನಿಗೆ ಬದಲಾಗಿ ಗುರ್ಜಿಯುಂಟು. ಹಂಚಿನ ಮೇಲೆ ಸಗಣಿಯ ಗೊಂಬೆಯನ್ನಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೂ ತಿರುಗುವರು. ಅಲ್ಲಿಯೂ ಹೆಂಗಸರು ನೀರೆರೆಯುವರು. ಭಾದ್ರಪದ ಮಾಸದಲ್ಲಿ ಬರುವ ಜೋಕುಮಾರನ ಆಚರಣೆಯು ಇನ್ನೂ ಅರ್ಥಗರ್ಭಿತವಾದುದು. ಬುಟ್ಟಿಯಲ್ಲಿ ಕುಳಿತ ಈ ಮಣ್ಣಿನ ದೇವರು ಏಳು ದಿನಗಳು ಮಾತ್ರ ಬದುಕಿ, ಕೊಲೆಗೀಡಾಗಿ, ಹೆಂಗಸರ ಶೋಕಗೀತೆಯನ್ನು ಪಡೆಯುವನು. ಅವನು ಸತ್ತಮೇಲೆ ಮಳೆಬೆಳೆಗಳು ಚೆನ್ನಾಗುವುವೆಂದು ನಂಬಿಕೆ. ಶ್ರೀ ಚಂದ್ರಶೇಖರ ಕಂಬಾರರು 1972ರಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು “ಜೋಕುಮಾರಸ್ವಾಮಿ” ಎಂಬ ನಾಟಕವನ್ನು ರಚಿಸಿರುವರು. ಅಳುವುದೂ ಒಂದು ವ್ಯವಸಾಯದ ಕೆಲಸವೆಂದು ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬಲ್ಲವರಾಗಿದ್ದರು.

ಆದರೆ ಹಳೆಯದೆಲ್ಲವೂ ಹೊನ್ನೆಂದು ಹೇಳಲಾಗದು. ತೊನ್ನಿದ್ದವರನ್ನು ಹೂತುದರಿಂದಲೇ ಮಳೆ ನಿಂತಿತೆಂದು ಗೋರಿಯನ್ನು ಅಗೆದು ಹೆಣವನ್ನು ಹೊರತೆಗೆಯುವ ಕ್ರೂರ ಪದ್ಧತಿಯೂ ನಮ್ಮಲ್ಲಿದ್ದಿತು. ತೊನ್ನು ಅಂಟುರೋಗವಲ್ಲ, ಪಾಪದ ಗುರುತೂ ಅಲ್ಲ. ಸತ್ತವರನ್ನೂ ಅವರ ಮಕ್ಕಳನ್ನೂ ಹೀಗೆ ಅವಮಾನಪಡಿಸುವುದು ಯಾವ ಧರ್ಮಕ್ಕೂ ಒಪ್ಪದು. ಇನ್ನೊಂದು ಮಾತು. ಯಾವ ಉತ್ಸವಕ್ಕೂ ತಮಟೆ ಬೇಕು. ತಮಟೆ ಬಾರಿಸುವವರೂ, ಅನೇಕ ಊರುಗಳಲ್ಲಿ ನೀರುಗಂಟಿಯ ಕೆಲಸ ಮಾಡುವವರೂ ದಲಿತರ ಕೇರಿಯವರೇ. ಊರಿಗೆಲ್ಲ ನೀರು ಹಂಚಿದ ಕೈಗಳು ಊರಬಾವಿಯ ಹಗ್ಗವನ್ನು ಮುಟ್ಟಬಾರದೆಂದು ವಿಧಿಸಿದ್ದ ಕಾಲವನ್ನು ನಾವು ಮರೆಯಬಾರದು. ಕೆರೆಗೆ ನೀರು ಬರಲೆಂದು ಮನೆಯ ಕಿರಿಯ ಸೊಸೆಯನ್ನೇ ಬಲಿಗೊಟ್ಟ “ಕೆರೆಗೆ ಹಾರ” ಎಂಬ ಕಥನಗೀತೆಯೂ ಇದೇ ನೋವನ್ನು ಹೇಳುವುದು. ನೀರಿನ ಬೆಲೆಯನ್ನು ಎಲ್ಲರೂ ಸಮನಾಗಿ ತೆತ್ತವರಲ್ಲ.

ಇನ್ನು ವಿದ್ಯಾವಂತರ ಪ್ರಶ್ನೆಗೆ ಬರೋಣ. ಗೊಂಬೆಗೆ ನೀರೆರೆದರೆ ಮಳೆ ಬರುವುದೇ? ಬರುವುದಿಲ್ಲ. ಸಾವಿರಾರು ಮೈಲಿಗಳಾಚೆಯ ಸಮುದ್ರಗಳ ಕಾವು, ಗಾಳಿಗಳ ದಿಕ್ಕು ಇವು ಮುಂಗಾರು ಹಿಂಗಾರುಗಳನ್ನು ನಿರ್ಣಯಿಸುವುವು. ಆದರೂ ಮಳೆರಾಯನನ್ನು ಹೊರಡಿಸಿದ ಕೆಲವು ದಿನಗಳಲ್ಲಿಯೇ ಮಳೆ ಬಂದಿತೆಂದು ಹಿರಿಯರು ಹೇಳುವುದು ಸುಳ್ಳೂ ಅಲ್ಲ. ಮಳೆ ತಡವಾಗಿ, ಇನ್ನು ತಾಳಲಾರೆವೆಂದಾಗಲೇ ಈ ಪೂಜೆ ನಡೆಯುವುದಷ್ಟೆ? ತಡವಾದ ಮಳೆಯು ಬಹುಪಾಲು ವರ್ಷಗಳಲ್ಲಿ ಆ ಹೊತ್ತಿಗೆ ಬರುವುದೇ ಸಹಜ. ಬಂದ ವರ್ಷ ನೆನಪಿನಲ್ಲಿ ನಿಲ್ಲುವುದು. ಬಾರದ ವರ್ಷ ಮರೆತುಹೋಗುವುದು. 2019ರ ಜೂನ್ ತಿಂಗಳಿನಲ್ಲಿ ಉಡುಪಿಯಲ್ಲಿ ಕಪ್ಪೆಗಳಿಗೆ ವಿಧಿವತ್ತಾಗಿ ಮದುವೆ ಮಾಡಿದರು. ಅದೇ ವರ್ಷ ಭೋಪಾಲದಲ್ಲಿಯೂ ಮಳೆಗಾಗಿ ಕಪ್ಪೆಗಳ ಮದುವೆ ನಡೆದು, ಬಳಿಕ ಅತಿವೃಷ್ಟಿಯಾಗಲು, ಸೆಪ್ಟೆಂಬರಿನಲ್ಲಿ ಆ ದಂಪತಿಗಳಿಗೆ ವಿಚ್ಛೇದನವನ್ನೂ ಮಾಡಿಸಿದರು. ಇದನ್ನು ಕೇಳಿ ನಗು ಬಾರದಿರದು. ಕಪ್ಪೆಗಳಂತೂ ಎರಡಕ್ಕೂ ಹೊಣೆಯಲ್ಲ.

ಹಾಗಾದರೆ ಇದೆಲ್ಲ ಬರಿಯ ಮೌಢ್ಯವೇ? ನನ್ನ ಅಭಿಪ್ರಾಯದಲ್ಲಿ ಹಾಗಲ್ಲ. ಮಳೆರಾಯನ ಆಟವನ್ನು ಇನ್ನೊಮ್ಮೆ ನೋಡಿರಿ. ನೀರಿಗೆ ಬರವಿರುವಾಗಲೇ ಪ್ರತಿಯೊಂದು ಮನೆಯೂ ಒಂದು ಬಿಂದಿಗೆ ನೀರನ್ನು ಹೊರಗೆ ತಂದು ಸುರಿಯಬೇಕು. ಹಿಟ್ಟಿಗೆ ತತ್ವಾರವಿರುವಾಗಲೇ ಒಂದು ಹಿಡಿ ಹಿಟ್ಟು ಕೊಡಬೇಕು. ಇಲ್ಲದವರ ಮಕ್ಕಳೂ ಉಳ್ಳವರ ಮಕ್ಕಳೂ ಆ ಒಂದು ದಿನ ಒಂದೇ ಮಡಕೆಯ ಅಂಬಲಿಯನ್ನು ಕುಡಿಯಬೇಕು. ಕಡೆಗೆ ಊರೆಲ್ಲ ಕೆರೆಯ ಅಂಗಳಕ್ಕೆ ನಡೆದು, ಬಿರುಕುಬಿಟ್ಟ ನೆಲವನ್ನು ಕಣ್ಣಾರೆ ಕಾಣಬೇಕು. ನಷ್ಟವು ನನ್ನೊಬ್ಬನದಲ್ಲ, ಊರಿನದು ಎಂಬುದು ಹೀಗೆ ಎಲ್ಲರೆದುರಿಗೂ ಸ್ಥಾಪಿತವಾಗುತ್ತಿದ್ದಿತು. ಕೆರೆ ಬತ್ತಿದಾಗಲೇ ಹೂಳೆತ್ತಲು ಸಮಯ. ಹೂಳು ಹೊಲಕ್ಕೆ ಗೊಬ್ಬರ. ಕೂಡಿ ಅತ್ತವರು ಕೂಡಿ ಗುದ್ದಲಿ ಹಿಡಿಯುವುದು ಸುಲಭ.

ಬರವೆಂಬುದು ಈ ಸೀಮೆಗೆ ಎಷ್ಟು ಕಠಿನವಾಗಬಲ್ಲುದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಪಟ್ಟ ಪಾಡು ಹೇಳತೀರದು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿದ್ದಿತು. ಹತ್ತು ವರ್ಷಗಳಲ್ಲಿ ಏರಬೇಕಾದ ಲೆಕ್ಕ ಹೀಗೆ ಇಳಿದುದರಲ್ಲಿ ಎಷ್ಟು ಮನೆಗಳ ದೀಪ ನಂದಿರಬೇಕು!

ಈಗ ಅಂತಹ ಹಸಿವಿನ ಕ್ಷಾಮವಿಲ್ಲ. ಅದರ ಬದಲು ಇನ್ನೊಂದು ಬಗೆಯ ಕ್ಷಾಮ ಬಂದಿರುವುದು. ಅದು ಕಣ್ಣಿಗೆ ಕಾಣದು. ಕಳೆದ ಕೆಲವು ದಶಕಗಳಲ್ಲಿ ಕೆರೆಯನ್ನು ಬಿಟ್ಟು ಕೊಳವೆಬಾವಿಯನ್ನು ನೆಚ್ಚಿದೆವು. ಶಿಡ್ಲಘಟ್ಟದ ಹಿಪ್ಪುನೇರಿಳೆ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಚಿಂತಾಮಣಿಯ ಟೊಮೇಟೊ ಎಲ್ಲವೂ ಆ ನೀರಿನಿಂದಲೇ ಬೆಳೆದುವು, ಅನೇಕ ಸಂಸಾರಗಳು ಮೇಲಕ್ಕೆ ಬಂದುವು ಎಂಬುದು ನಿಜ. ಆದರೆ ನೂರಿನ್ನೂರು ಅಡಿಗಳಲ್ಲಿ ಸಿಕ್ಕುತ್ತಿದ್ದ ನೀರು ಸಾವಿರ ಅಡಿಗೂ ಕೆಳಗಿಳಿಯಿತು. ಆಳದ ಬಂಡೆಗಳ ನಡುವಿನ ನೀರಿನಲ್ಲಿ ಫ್ಲೋರೈಡೆಂಬ ಲವಣಾಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂದು ನಿಯಮವುಂಟು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದುಬಣ್ಣದ ಕಲೆಗಳು ಮೂಡುವುವು. ದೊಡ್ಡವರ ಮೂಳೆಗಳು ಬಾಗಿ, ಕೀಲುಗಳು ಬಿಗಿಯುವುವು.

ಈ ಹೊಸ ನಷ್ಟಕ್ಕೆ ಮಳೆರಾಯನಿಲ್ಲ. ಇರುವುದು ಒಂದೇ ಆಟ: ಕೊಳವೆಬಾವಿಗೆ ಸ್ಥಳ ಗೊತ್ತುಮಾಡಲು ಅಂಗೈಯ ಮೇಲೆ ತೆಂಗಿನಕಾಯನ್ನು ಮಲಗಿಸಿಕೊಂಡು ಹೊಲದಲ್ಲಿ ನಡೆಯುವುದು. ಕಾಯಿ ಎದ್ದು ನಿಂತಲ್ಲಿ ನೀರುಂಟೆಂದು ನಂಬಿಕೆ. ನಡೆಯುವವನು ಒಬ್ಬನು, ನೋಡುವವನು ಹೊಲದ ಯಜಮಾನನೊಬ್ಬನು. ರಾತ್ರಿಯೆಲ್ಲ ಯಂತ್ರ ಕೊರೆದು ಬೆಳಗಿನ ಹೊತ್ತಿಗೆ ಬರಿಯ ಕಲ್ಲುಹುಡಿ ಹಾರಿದರೆ, ಸಾಲ ತೆಗೆದ ಲಕ್ಷಾಂತರ ರೂಪಾಯಿ ಅದರೊಡನೆ ಹಾರಿಹೋಗುವುದು. ಹೆಂಡತಿಯ ಒಡವೆ ಗಿರವಿಗೆ ಹೋದುದು ನೆರೆಮನೆಗೂ ತಿಳಿಯಬಾರದು. ಕೆರೆ ಬತ್ತಿದರೆ ಊರು ಅಳುತ್ತಿದ್ದಿತು. ಕೊಳವೆಬಾವಿ ಬತ್ತಿದರೆ ಮನೆಯ ಯಜಮಾನನು ಒಬ್ಬನೇ ಕತ್ತಲೆಯಲ್ಲಿ ಕೂರುವನು. ಎಷ್ಟೋ ಮಂದಿ ರೈತರು ಪ್ರಾಣವನ್ನೇ ಕಳೆದುಕೊಂಡುದಕ್ಕೆ ಸಾಲವೊಂದೇ ಕಾರಣವಲ್ಲ. ಸಾಲದೊಡನೆ ಬಂದ ಈ ಒಂಟಿತನವೂ ಕಾರಣವೆಂದು ನನಗೆ ತೋರುವುದು.

ಆದಕಾರಣವೇ ಸಂಕಟವನ್ನು ಮತ್ತೆ ಬೀದಿಗೆ ತಂದವರನ್ನು ನಾವು ಗೌರವದಿಂದ ನೆನೆಯಬೇಕು. ಶಾಶ್ವತ ನೀರಾವರಿಯ ಹೋರಾಟಗಾರರು 2016ರ ಮಾರ್ಚಿ ತಿಂಗಳಿನಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆಗಳಿಂದ ಟ್ರಾಕ್ಟರುಗಳನ್ನೇರಿ ಬೆಂಗಳೂರಿಗೆ ಹೊರಟರು. ಪೋಲೀಸರು ತಡೆದರು, ಲಾಠಿಗಳು ಬೀಸಿದುವು. ಉಳುವ ಯಂತ್ರವು ಹೊಲವನ್ನು ಬಿಟ್ಟು ರಾಜಧಾನಿಯ ಹೆದ್ದಾರಿಯಲ್ಲಿ ಸಾಲಾಗಿ ನಿಂತುದು ಯಾವ ನಾಟಕಕ್ಕೂ ಕಡಿಮೆಯಾದ ದೃಶ್ಯವಲ್ಲ. ಹೊಲದಲ್ಲಿ ತನಗೆ ಕೆಲಸವಿಲ್ಲವೆಂಬುದನ್ನು ಅದು ಬಾಯಿಲ್ಲದೆ ಹೇಳಿತು. ಮರುವರ್ಷ, 2017ರಲ್ಲಿ, ತಮಿಳುನಾಡಿನ ರೈತರು ದೆಹಲಿಯ ಜಂತರ್ ಮಂತರಿನಲ್ಲಿ ತಲೆಬುರುಡೆಗಳನ್ನು ಮುಂದಿಟ್ಟುಕೊಂಡು, ಇಲಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಕುಳಿತು ತಮ್ಮ ಬರವನ್ನು ದೇಶಕ್ಕೆಲ್ಲ ತೋರಿಸಿದರು. ದೂರದ ಐಸ್‌ಲೆಂಡಿನಲ್ಲಿ 2019ರ ಆಗಸ್ಟಿನಲ್ಲಿ ಓಕ್ ಎಂಬ ಹಿಮನದಿಯು ಕರಗಿ ಸತ್ತುದಕ್ಕಾಗಿ ಜನರು ಬೆಟ್ಟವೇರಿ ಉತ್ತರಕ್ರಿಯೆಯಂತಹ ಒಂದು ವಿಧಿಯನ್ನು ನಡೆಸಿ, ಮುಂದಿನ ಪೀಳಿಗೆಯವರಿಗೆ ಬರೆದ ಓಲೆಯನ್ನು ಫಲಕದಲ್ಲಿ ಕೊರೆಯಿಸಿ ಬಂಡೆಗೆ ಜೋಡಿಸಿದರು. ಜನ ಬೇರೆ, ಭಾಷೆ ಬೇರೆ. ಆದರೆ ನೀರನ್ನು ಕಳೆದುಕೊಂಡವರು ಕೂಡಿ ನಿಂತು ಅದನ್ನು ಹೇಳಬೇಕೆಂಬ ಹಂಬಲ ಎಲ್ಲಿಯೂ ಒಂದೇ.

ಕೂಗಿದುದಕ್ಕೆ ಫಲವೇ ಇಲ್ಲವೆಂದೂ ಹೇಳುವಂತಿಲ್ಲ. ಪಶ್ಚಿಮಘಟ್ಟದ ನೀರನ್ನು ಬಯಲಿಗೆ ತರುವ ಎತ್ತಿನಹೊಳೆಯ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ಆ ನೀರಿಗಾಗಿ ಮಲೆನಾಡಿನ ಕಾಡು ತೆರಬೇಕಾದ ಬೆಲೆಯ ವಿಷಯದಲ್ಲಿ ಅಲ್ಲಿಯವರು ಎತ್ತಿರುವ ಆಕ್ಷೇಪಣೆಯನ್ನೂ ನಾವು ಕೇಳಬೇಕಾದುದು ನ್ಯಾಯ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆಯನ್ನು ಶುದ್ಧಿಮಾಡಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹರಿಸುವ ಏರ್ಪಾಡೂ ನಡೆದಿದೆ. ಅದರಿಂದ ಬಾವಿಗಳು ಚೇತರಿಸಿಕೊಂಡುವೆಂದು ಸಂತೋಷಪಡುವವರುಂಟು. ಎರಡು ಸಲ ಶುದ್ಧಿಮಾಡಿದುದು ಸಾಲದು, ಮೂರನೆಯ ಸಲವೂ ಆಗಬೇಕೆಂದು ಒತ್ತಾಯಪಡಿಸುವವರೂ ಉಂಟು. ಆ ಒತ್ತಾಯವನ್ನು ಅಧಿಕಾರಿಗಳು ಅಲಕ್ಷ್ಯಮಾಡಲಾಗದು.

ಇಷ್ಟು ದುಃಖದ ಮಾತುಗಳ ನಡುವೆ ಒಂದು ಸಂತೋಷದ ಸಂಗತಿಯನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. 2021ರ ಕಡೆಯ ತಿಂಗಳುಗಳಲ್ಲಿ ಮಳೆಯು ಎಡೆಬಿಡದೆ ಸುರಿದು, ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿ ಕೋಡಿ ಹರಿದುವು. ಬೆಳೆಗಳೂ ಮನೆಗಳೂ ಹಾಳಾದುದು ನಿಜ. ಆದರೂ ಕೆರೆ ಕೋಡಿಬಿದ್ದ ಸುದ್ದಿ ಕೇಳಿದ ಹಳ್ಳಿಯವರು ಏರಿಯ ಮೇಲೆ ನೆರೆದರು. ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಗಂಗಮ್ಮನಿಗೆ ಪೂಜೆ ಸಲ್ಲಿಸುವುದು, ದೇವರನ್ನು ತೆಪ್ಪದಲ್ಲಿ ಕೂಡಿಸಿ ನೀರಿನ ಮೇಲೆ ತೇಲಿಸುವುದು ಇಂತಹ ಸಮಯದ ಹಳೆಯ ಪದ್ಧತಿ. ಕೆರೆ ತುಂಬಿದುದನ್ನೇ ಕಾಣದೆ ಬೆಳೆದ ಮಕ್ಕಳಿಗೆ ಇದೊಂದು ಹೊಸ ಪ್ರಪಂಚ. ಆ ದಿನ ಬಾರಿಸುವುದೂ ತಮಟೆಯನ್ನೇ. ಸಾವಿಗೂ ಜಾತ್ರೆಗೂ ಬರಕ್ಕೂ ಕೋಡಿಗೂ ಒಂದೇ ವಾದ್ಯ. ಪೆಟ್ಟು ಮಾತ್ರ ಬೇರೆ. ಈ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಶ್ರೀ ಮುನಿವೆಂಕಟಪ್ಪನವರಿಗೆ ತಮಟೆಯ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತುದು ನಾಡಿಗೆಲ್ಲ ಹೆಮ್ಮೆಯ ವಿಷಯ. ಊರಹೊರಗೆ ನಿಲ್ಲಿಸಿದ್ದ ವಾದ್ಯವನ್ನು ದೇಶವು ನಡುಮನೆಗೆ ಕರೆದಂತಾಯಿತು.

ತುಂಬಿದ ಕೆರೆಯೂ ಶಾಶ್ವತವಲ್ಲ. ಎರಡೇ ವರ್ಷಗಳಲ್ಲಿ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಬೇಕಾಯಿತು. ಅತಿವೃಷ್ಟಿ ಅನಾವೃಷ್ಟಿಗಳು ಹೀಗೆ ಒಂದರ ಬೆನ್ನಿಗೊಂದು ಬರುವ ಕಾಲದಲ್ಲಿ ಗೃಹಸ್ಥರಾದ ನಾವು ಮಾಡಬಹುದಾದುದೇನು?

ಮಳೆರಾಯನನ್ನು ನಂಬಬೇಕೆಂದು ನಾನು ಹೇಳುವುದಿಲ್ಲ. ಬಿಡಬಾರದೆಂದು ಮಾತ್ರ ಹೇಳುವೆನು. ಮಕ್ಕಳು ಮಣೆ ಹೊತ್ತು ಬಂದರೆ ಗದರಿಸಿ ಕಳುಹಿಸಬೇಡಿರಿ. ಒಂದು ಚೊಂಬು ನೀರನ್ನಾದರೂ ಎರೆಯಿರಿ, ಒಂದು ಹಿಡಿ ಹಿಟ್ಟನ್ನು ಕೊಡಿರಿ. ಯಾವ ಕೇರಿಯ ಹುಡುಗನು ಹೊತ್ತು ಬಂದರೂ ಎರೆಯುವ ಕೈ ಹಿಂಜರಿಯದಿರಲಿ. ಅವರೊಡನೆ ಕೆರೆಯ ವರೆಗೂ ನಡೆದು ಹೋಗಿ, ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ನೀರು ಬರುತ್ತಿದ್ದ ಕಾಲುವೆಯನ್ನು ಯಾರು ಮುಚ್ಚಿರುವರು ಎಂಬುದನ್ನು ತೋರಿಸಿರಿ. ಆ ವರ್ಷವೇ ನಾಲ್ಕು ಗಾಡಿ ಹೂಳನ್ನು ಎತ್ತಿಸಿರಿ. ನೆರೆಮನೆಯವರ ಕೊಳವೆಬಾವಿ ಬತ್ತಿತೆಂದು ತಿಳಿದರೆ, ಅವರು ಹೇಳಲೆಂದು ಕಾಯದೆ ನೀವೇ ಹೋಗಿ ಜಗುಲಿಯ ಮೇಲೆ ಒಂದು ಗಳಿಗೆ ಕುಳಿತು ಮಾತನಾಡಿಸಿರಿ. ಮಳೆ ಬರುವುದೂ ಬಾರದಿರುವುದೂ ನಮ್ಮ ಕೈಯಲ್ಲಿಲ್ಲ. ಬಂದಾಗ ಅದು ನಿಲ್ಲುವುದಕ್ಕೆ ಕೆರೆಯೊಂದನ್ನು ಇಟ್ಟುಕೊಂಡಿರುವುದು, ಬಾರದಾಗ ಒಬ್ಬೊಬ್ಬರೇ ಅಳದಂತೆ ಊರೊಂದನ್ನು ಉಳಿಸಿಕೊಂಡಿರುವುದು, ಇವೆರಡೂ ನಮ್ಮ ಕೈಯಲ್ಲಿಯೇ ಇರುವುವು.